ಈಸ್ಟರ್ ಆರಾಧನೆಗೆ ಹೊಸತನ: ಕತ್ತಲೆಯಿಂದ ಹೂವಿನ ಶಿಲುಬೆವರೆಗೆ, ಹಂತ ಹಂತವಾಗಿ

ಈಸ್ಟರ್ ಹತ್ತಿರ ಬಂದಾಗ ಬಹಳಷ್ಟು ಚರ್ಚ್‌ಗಳಲ್ಲಿ ಒಂದೇ ರೀತಿಯ ಎಡವಟ್ಟು ಆಗುತ್ತದೆ. ಮೇಣದಬತ್ತಿ, ನಾಟಕ, ಹೂವಿನ ಶಿಲುಬೆ, ವಿಡಿಯೊ, ನಾಲ್ಕು ಹೊಸ ಹಾಡು, ಎಲ್ಲವನ್ನೂ ಒಂದೇ ಆರಾಧನೆಗೆ ತುಂಬುತ್ತಾರೆ. ಜನ ಸುಮ್ನೆ ಕೂತು ನೋಡುತ್ತಾರೆ. ಕಾರ್ಯಕ್ರಮ ಚೆನ್ನಾಗಿತ್ತು ಅಂತ ಹೇಳಿ ಹೊರಡುತ್ತಾರೆ. ಪ್ರಭು ಎದ್ದಿದ್ದಾನೆ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬಂದಿರುವುದಿಲ್ಲ.

ಐಡಿಯಾಗಳಿಗೆ ಬರ ಇರುವುದಿಲ್ಲ. ತಪ್ಪುವುದು ಕ್ರಮ. ಅಲಂಕಾರದಿಂದ ಶುರುಮಾಡಿ ಕೊನೆಗೆ ಬೈಬಲ್ ಓದು ಎಲ್ಲಿ ಸೇರಿಸೋಣ ಅಂತ ಹುಡುಕುತ್ತಾರೆ. ಇದನ್ನು ತಿರುಗಿಸಬೇಕು. ಮೊದಲು ಓದು, ಆಮೇಲೆ ಜನ ಮಾಡುವ ಒಂದು ಕೆಲಸ, ಕೊನೆಗೆ ಅದಕ್ಕೆ ಬೇಕಾದ ಸಾಮಾನು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಎಲ್ಲವನ್ನೂ ಒಂದೇ ವರ್ಷ ಮಾಡಬೇಡಿ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿದರೆ ಸಾಕು.

## 1. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು

ಈಸ್ಟರ್‌ಗೆ 6ರಿಂದ 8 ವಾರ ಮೊದಲೇ ನಿಮ್ಮ ಪಾಸ್ಟರ್ ಅಥವಾ ಗುರುಗಳ ಜೊತೆ ಕೂರಿ. ನಿಮ್ಮ ಸಭೆಯ ಆರಾಧನಾ ಕ್ರಮದಲ್ಲಿ ಯಾವುದು ಕಡ್ಡಾಯ, ಎಲ್ಲಿ ಸ್ವಾತಂತ್ರ್ಯ ಇದೆ ಎಂದು ಬರೆದುಕೊಳ್ಳಿ.

ಕಥೋಲಿಕ ಚರ್ಚ್‌ಗಳಲ್ಲಿ ಶನಿವಾರ ರಾತ್ರಿಯ ಪಾಸ್ಕ (ಅಂದರೆ ಈಸ್ಟರ್) ಜಾಗರಣೆಗೆ ನಿಗದಿತ ಚೌಕಟ್ಟಿದೆ. ಬೆಳಕಿನ ವಿಧಿ, ವಾಕ್ಯದ ವಿಧಿ, ಜ್ಞಾನಸ್ನಾನದ ವಿಧಿ, ಪರಮಪ್ರಸಾದದ ವಿಧಿ, ಹೀಗೆ ನಾಲ್ಕು ಭಾಗ. ಕತ್ತಲಾಗುವ ಮೊದಲು ಅದನ್ನು ಶುರುಮಾಡುವಂತಿಲ್ಲ, ಭಾನುವಾರ ಬೆಳಗಾಗುವ ಮೊದಲು ಮುಗಿಸಬೇಕು. ಒಟ್ಟು 9 ವಾಚನ: ಹಳೆಯ ಒಡಂಬಡಿಕೆಯಿಂದ 7, ಹೊಸ ಒಡಂಬಡಿಕೆಯಿಂದ 2. ತಕ್ಕ ಕಾರಣವಿದ್ದರೆ ಹಳೆಯ ಒಡಂಬಡಿಕೆಯ ವಾಚನಗಳನ್ನು ಕಡಿಮೆ ಮಾಡಬಹುದು. ಆದರೆ ಕೆಂಪು ಸಮುದ್ರ ದಾಟುವ ವಿಮೋಚನಕಾಂಡ 14ನ್ನು ಬಿಡುವಂತಿಲ್ಲ. ಇಲ್ಲಿ ಹೊಸತನಕ್ಕೆ ಜಾಗ ಇರುವುದು ಓದುವ ರೀತಿಯಲ್ಲಿ, ಸಂಗೀತದಲ್ಲಿ, ಜನ ನಿಲ್ಲುವ, ನಡೆಯುವ ರೀತಿಯಲ್ಲಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಸ್ವಾತಂತ್ರ್ಯ ಜಾಸ್ತಿ. ಹಾಗಾಗಿ ತುಂಬಿಸುವ ಆಸೆಯೂ ಜಾಸ್ತಿ.

ಬೇರೆ ಸಭೆಗಳ ಜೊತೆ ಸೇರಿ ಆಚರಿಸುವುದಾದರೆ ದಿನಾಂಕ ನೋಡಿಕೊಳ್ಳಿ. 2027ರಲ್ಲಿ ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಸಭೆಗಳ ಈಸ್ಟರ್ ಮಾರ್ಚ್ 28ಕ್ಕೆ ಬರುತ್ತದೆ. ಹಳೆಯ (ಜೂಲಿಯನ್) ಕ್ಯಾಲೆಂಡರ್ ಲೆಕ್ಕ ಅನುಸರಿಸುವ ಆರ್ಥೊಡಾಕ್ಸ್ ಸಭೆಗಳಿಗೆ ಅದು ಮೇ 2. 2028ರಲ್ಲಿ ಎರಡೂ ಏಪ್ರಿಲ್ 16ಕ್ಕೆ ಸೇರುತ್ತವೆ.

## 2. ಒಂದೇ ಸುವಾರ್ತೆ ಆರಿಸಿ

ಅತಿ ಹೆಚ್ಚು ಜನ ಹಾರಿಸುವ ಹಂತ ಇದು. ನಾಲ್ಕು ಸುವಾರ್ತೆಗಳನ್ನೂ ಕಲಸಿ ಒಂದು ಕಥೆ ಮಾಡಿಬಿಡುತ್ತಾರೆ. ಆದರೆ ಮಾರ್ಕ 16ರಲ್ಲಿ ಸಮಾಧಿಯೊಳಗೆ ಬಿಳಿ ನಿಲುವಂಗಿ ತೊಟ್ಟ ಒಬ್ಬ ಯುವಕ ಕೂತಿದ್ದಾನೆ. ಮತ್ತಾಯ 28ರಲ್ಲಿ ದೂತನು ಕಲ್ಲಿನ ಮೇಲೆ ಕೂತಿದ್ದಾನೆ. ಲೂಕ 24ರಲ್ಲಿ ಹೊಳೆಯುವ ಉಡುಪಿನ ಇಬ್ಬರು. ಯೋಹಾನ 20ರಲ್ಲಿ ಮಗ್ದಲದ ಮರಿಯಳು ಒಬ್ಬಳೇ ಅಳುತ್ತಾ ನಿಂತಿದ್ದಾಳೆ. ಎಲ್ಲವನ್ನೂ ಸೇರಿಸಿದರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ.

ಒಂದನ್ನು ಆರಿಸಿದರೆ ಜನ ಏನು ಮಾಡಬೇಕು ಎಂಬುದೂ ಅದರಲ್ಲೇ ಸಿಗುತ್ತದೆ.

ಮಾರ್ಕ ಆದರೆ ಕಲ್ಲು. ಸಮಾಧಿಯ ಬಾಗಿಲಿನ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಎಂದು ಅಲ್ಲಿಗೆ ಹೊರಟ ಹೆಂಗಸರು ದಾರಿಯಲ್ಲಿ ಕೇಳಿಕೊಳ್ಳುತ್ತಾರೆ. ಒಳಗೆ ಬರುವಾಗ ಪ್ರತಿಯೊಬ್ಬರಿಗೂ ಮುಷ್ಟಿಯಲ್ಲಿ ಹಿಡಿಸುವಷ್ಟು ಕಲ್ಲು ಕೊಡಿ. ಕತ್ತಲೆಯ ಭಾಗ ಮುಗಿಯುವ ತನಕ ಅದು ಅವರ ಕೈಯಲ್ಲಿರಲಿ. ಸುವಾರ್ತೆ ಓದಿದ ಮೇಲೆ ಮುಂದೆ ಬಂದು ಇಟ್ಟು ಹೋಗಲಿ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಮಾತ್ರ ಕೊಡಬೇಡಿ.

ಯೋಹಾನ ಆದರೆ ಹೆಸರು. ಎದುರಿಗೆ ನಿಂತವನನ್ನು ತೋಟದವನು ಅಂದುಕೊಂಡಿದ್ದ ಮರಿಯಳು ತನ್ನ ಹೆಸರು ಕೇಳಿದಾಗ ಯೇಸುವನ್ನು ಗುರುತಿಸುತ್ತಾಳೆ. ಬೆಳಕು ಹಂಚುವಾಗ ಪಕ್ಕದವರ ಹೆಸರು ಹಿಡಿದು ಕರೆಯಿರಿ. ಹೊಸಬರು ಇದ್ದರೆ ಮೊದಲೇ ಹೆಸರು ಕೇಳಿಕೊಳ್ಳಲು 2 ನಿಮಿಷ ಕೊಡಿ. ಇಷ್ಟು ಸಣ್ಣ ಕೆಲಸ ಎಷ್ಟು ಆಳಕ್ಕೆ ಮುಟ್ಟುತ್ತದೆ ಎಂಬುದನ್ನು ಒಮ್ಮೆ ಮಾಡಿ ನೋಡಿ.

ಲೂಕ ಆದರೆ ನಡಿಗೆ ಮತ್ತು ರೊಟ್ಟಿ. ಎದ್ದ ಯೇಸು ಇಬ್ಬರು ಶಿಷ್ಯರ ಜೊತೆ ನಡೆದು, ರೊಟ್ಟಿ ಮುರಿದಾಗ ಅವರಿಗೆ ಗುರುತು ಸಿಕ್ಕ ಎಮ್ಮಾವುಸ್ ದಾರಿಯ ಕಥೆಯನ್ನು ಅಂದು ಸಂಜೆಗೆ ಇಟ್ಟುಕೊಳ್ಳಿ, ಅದು ಸಂಜೆಯದೇ ಕಥೆ. ಮತ್ತಾಯ ಆದರೆ ಓಟ. ಹೆಂಗಸರು ಭಯದಿಂದಲೂ ಮಹಾ ಸಂತೋಷದಿಂದಲೂ ಸುದ್ದಿ ಹೇಳಲು ಓಡುತ್ತಾರೆ. ಹಾಗಾಗಿ ಕೊನೆಯ ಹಾಡನ್ನು ಒಳಗೆ ಮುಗಿಸಬೇಡಿ. ಬಾಗಿಲು ತೆರೆದು ಹಾಡುತ್ತಲೇ ಜನ ಹೊರಗೆ ನಡೆಯಲಿ.

## 3. ಕತ್ತಲೆ ಮತ್ತು ಬೆಳಕಿನ ಭಾಗ

ಜಾಗರಣೆಯಾಗಲಿ, ನಸುಕಿನ ಆರಾಧನೆಯಾಗಲಿ, ಹೆಚ್ಚು ಕೆಡುವುದು ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಬೇಕಾದ ಸಾಮಾನು: ದೊಡ್ಡ ಮೇಣದಬತ್ತಿ 1 ಮತ್ತು ಅದಕ್ಕೆ ಗಟ್ಟಿಯಾದ ಸ್ಟ್ಯಾಂಡ್. ತಲಾ ಒಂದು ಸಣ್ಣ ಮೇಣದಬತ್ತಿ, ಮೇಣ ಕೈಮೇಲೆ ಬೀಳದಂತೆ ದಪ್ಪ ಕಾಗದದ ಬಿಲ್ಲೆ. ಬೆಂಕಿ ಹಾಕಲು ಕಬ್ಬಿಣದ ಬಾನಿ. ಮರಳು ತುಂಬಿದ 2 ಬಕೆಟ್, ಬೆಂಕಿ ನಂದಿಸುವ ಸಿಲಿಂಡರ್, ಒದ್ದೆ ಬಟ್ಟೆ. ಓದುವವರಿಗೆ ಸಣ್ಣ ಟಾರ್ಚ್. ಸ್ವಿಚ್ ಬೋರ್ಡ್ ಹತ್ತಿರ ನಿಲ್ಲಲು ಒಬ್ಬರು, ಅವರಿಗೆ ಬೇರೆ ಯಾವ ಕೆಲಸವೂ ಇರಬಾರದು.

ಪಾಸ್ಕ ಮೇಣದಬತ್ತಿ ಇಡುವ ಚರ್ಚ್‌ಗಳಲ್ಲಿ ಅದು ನಿಜವಾದ ಮೇಣದ್ದೇ ಆಗಿರಬೇಕು, ಪ್ರತಿ ವರ್ಷ ಹೊಸದಾಗಿರಬೇಕು. ಅದರ ಮೇಲೆ ಶಿಲುಬೆ, ಆಲ್ಫಾ ಮತ್ತು ಒಮೆಗಾ ಅಕ್ಷರ, ಆ ವರ್ಷದ ನಾಲ್ಕು ಅಂಕಿ, ಐದು ಗಾಯಗಳ ಗುರುತಾಗಿ 5 ಧೂಪದ ಕಾಳು ಬರುತ್ತವೆ. ಮೇಣದಲ್ಲಿ ಈ ಕಾಳುಗಳಿಗೆ ಮೊದಲೇ ತೂತು ಮಾಡಿಟ್ಟುಕೊಳ್ಳಿ. ಕತ್ತಲಲ್ಲಿ ಗಾಳಿಗೆ ನಿಂತು ಒತ್ತಲು ಹೋದರೆ ಮೇಣ ಬಿರುಕು ಬಿಡುತ್ತದೆ.

ಸಮಯ ಹಿಡಿಯುವುದು. ಸೂರ್ಯ ಮುಳುಗಿದ ಕೂಡಲೇ ಕತ್ತಲಾಗುವುದಿಲ್ಲ. ಆ ದಿನದ ಸೂರ್ಯಾಸ್ತದ ಸಮಯಕ್ಕೆ ಒಂದು ಗಂಟೆ ಸೇರಿಸಿ. ಭೂಮಧ್ಯರೇಖೆಯಿಂದ ದೂರ ಇರುವ ಊರುಗಳಲ್ಲಿ ಇನ್ನೂ ಸ್ವಲ್ಪ ಕಾಯಬೇಕಾದೀತು. ಹಿಂದಿನ ಶನಿವಾರ ಅದೇ ಹೊತ್ತಿಗೆ ಚರ್ಚ್ ಒಳಗೆ ಹೋಗಿ ನಿಂತು ನೋಡಿ. ಕಿಟಕಿಯಿಂದ ಬೀದಿ ದೀಪ ಎಷ್ಟು ಬರುತ್ತದೆ ಎಂಬುದು ಗೊತ್ತಾಗುತ್ತದೆ.

ದೀಪ ಆರಿಸುವುದು. ಮೇನ್ ಸ್ವಿಚ್ ಮುಟ್ಟಬೇಡಿ. ಮೇನ್ ತೆಗೆದರೆ ಬ್ಯಾಟರಿಯ ಎಮರ್ಜೆನ್ಸಿ ಲೈಟುಗಳು ತಾವೇ ಹತ್ತಿಕೊಳ್ಳುತ್ತವೆ, ಮೈಕೂ ಸಾಯುತ್ತದೆ. ಒಂದೊಂದೇ ಸ್ವಿಚ್ ಆರಿಸಿ. ಹೊರದಾರಿ ತೋರಿಸುವ ದೀಪಗಳು ಮಾತ್ರ ಉರಿಯುತ್ತಲೇ ಇರಬೇಕು, ಅವನ್ನು ಮುಚ್ಚುವುದು ಅಪಾಯ. ಪ್ರೊಜೆಕ್ಟರ್‌ನ ನೀಲಿ ಪರದೆ ಮರೆಯಬೇಡಿ. ಎಷ್ಟೋ ಕಡೆ ಆ ನೀಲಿ ಬೆಳಕೇ ಇಡೀ ಕತ್ತಲೆಯನ್ನು ಕೆಡಿಸಿಬಿಡುತ್ತದೆ.

ಬೆಂಕಿ ಹೊತ್ತಿಸುವುದು. ಜನ ಹೊರಗೆ ಬೆಂಕಿಯ ಸುತ್ತ ಸೇರಲಿ. ಬಾನಿಯನ್ನು ಗೋಡೆ, ಮರ, ಶಾಮಿಯಾನದಿಂದ ದೂರ ಇಡಿ. ಅನುಮತಿ ಬೇಕಿದ್ದರೆ ಮೊದಲೇ ಪಡೆಯಿರಿ. ಪೆಟ್ರೋಲ್, ಸ್ಪಿರಿಟ್ ಸುರಿಯುವುದು ಬೇಡವೇ ಬೇಡ. ಉರಿಯುತ್ತಿರುವ ಬೆಂಕಿಗೆ ಸುರಿದರೆ ಜ್ವಾಲೆ ಸುರಿದವರ ಕೈಗೇ ಹತ್ತುತ್ತದೆ. ಒಣ ಚಕ್ಕೆ, ಕಾಗದ ಸಾಕು. ಹೊತ್ತಿಸುವವರ ತೋಳು ಸಡಿಲವಾಗಿ ಜೋತಾಡದಂತೆ ಒಬ್ಬರು ನೋಡಿಕೊಳ್ಳಲಿ.

ಬೆಳಕು ಹಂಚುವುದು. ದೊಡ್ಡ ಮೇಣದಬತ್ತಿ ಮುಂದೆ, ಜನ ಹಿಂದೆ. ಕಥೋಲಿಕ ವಿಧಿಯಲ್ಲಿ ಕ್ರಿಸ್ತನ ಬೆಳಕು ಎಂದು ಮೂರು ಕಡೆ ನಿಂತು ಹಾಡುತ್ತಾರೆ. ಬೇರೆ ಸಭೆಗಳೂ ಈ ಮೂರು ನಿಲುಗಡೆಯನ್ನು ಇಟ್ಟುಕೊಳ್ಳಬಹುದು: ಬಾಗಿಲಲ್ಲಿ, ನಡುವೆ, ಮುಂದೆ. ಪ್ರತಿ ನಿಲುಗಡೆಯಲ್ಲೂ ಬೆಳಕು ಸ್ವಲ್ಪ ಜಾಸ್ತಿಯಾಗಬೇಕು.

ಒಂದು ನಿಯಮವನ್ನು ಎಲ್ಲರಿಗೂ ಮೊದಲೇ ಹೇಳಿ. ಉರಿಯುವ ಬತ್ತಿ ನೆಟ್ಟಗೆ ಇರಬೇಕು, ಹೊತ್ತಿಸಿಕೊಳ್ಳುವ ಬತ್ತಿ ಬಾಗಬೇಕು. ಉಲ್ಟಾ ಮಾಡಿದರೆ ಬಿಸಿ ಮೇಣ ಪಕ್ಕದವರ ಕೈಮೇಲೆ ಸುರಿಯುತ್ತದೆ. ಉದ್ದ ಕೂದಲು, ಸೆರಗು, ದುಪಟ್ಟಾ ಹಿಂದಕ್ಕೆ ಸರಿಸಿಕೊಳ್ಳಲು ಹೇಳಿ. ಪುಟ್ಟ ಮಕ್ಕಳಿಗೆ ಬ್ಯಾಟರಿ ದೀಪ ಕೊಡಿ.

ಎಚ್ಚರಿಕೆಯ ಗುರುತು: ಬತ್ತಿ ಹಿಡಿದು ಜನ ಹೆಚ್ಚು ಹೊತ್ತು ನಿಂತರೆ ಮಕ್ಕಳ ಕೈ ವಾಲತೊಡಗುತ್ತದೆ. ಅದು ಕಂಡ ಕೂಡಲೇ ಆರಿಸಲು ಹೇಳಿ. ಆರಿಸಿದ ಬತ್ತಿಗಳನ್ನು ಪ್ಲಾಸ್ಟಿಕ್ ಬುಟ್ಟಿಗೆ ಹಾಕಬೇಡಿ, ಮರಳಿನ ಬಕೆಟ್‌ಗೆ ಚುಚ್ಚಿ.

## 4. ಓದನ್ನು ಜೀವಂತ ಮಾಡುವುದು

ನಾಟಕ ಬೇಕೇ ಬೇಕು ಅಂತ ಯುವಜನರು ಹಟ ಹಿಡಿಯುತ್ತಾರೆ. ಮಾಡಲಿ. ಆದರೆ ಒಂದು ಮಿತಿ ಇಡಿ: ಯೇಸು ಸಮಾಧಿಯಿಂದ ಎದ್ದು ಬರುವ ದೃಶ್ಯ ಬೇಡ. ನಾಲ್ಕು ಸುವಾರ್ತೆಗಳಲ್ಲಿ ಒಂದೂ ಆ ಕ್ಷಣವನ್ನು ವರ್ಣಿಸುವುದಿಲ್ಲ. ಹೆಂಗಸರು ಬರುವಾಗ ಸಮಾಧಿ ಆಗಲೇ ಖಾಲಿ. ಹೊಗೆ ಯಂತ್ರ, ಥರ್ಮಾಕೋಲ್ ಬಂಡೆ, ಬಿಳಿ ಬಟ್ಟೆ ತೊಟ್ಟ ಹುಡುಗ, ಇವೆಲ್ಲ ಸೇರಿ ಆ ರಹಸ್ಯವನ್ನು ಚಿಕ್ಕದು ಮಾಡುತ್ತವೆ. ಖಾಲಿ ಸಮಾಧಿ ತೋರಿಸಿ, ಮಡಚಿಟ್ಟ ಬಟ್ಟೆ ತೋರಿಸಿ. ನೋಡಿದವರ ಮುಖ ತೋರಿಸಿ. ಅದರ ಮುಂದೆ ಯಾವ ಹೊಗೆಯೂ ಬೇಕಾಗಿಲ್ಲ.

ನಾಟಕಕ್ಕಿಂತ ಸುಲಭವಾದದ್ದು, ನನಗೆ ಹೆಚ್ಚು ಇಷ್ಟವಾದದ್ದು, ಹಂಚಿಕೊಂಡು ಓದುವುದು.

ಆದಿಕಾಂಡ 1ನ್ನು ಒಬ್ಬರು ಓದಲಿ. ಸಾಯಂಕಾಲ, ಪ್ರಾತಃಕಾಲ ಎಂದು ಮತ್ತೆ ಮತ್ತೆ ಬರುವ ಸಾಲನ್ನು ಇಡೀ ಸಭೆ ಹೇಳಲಿ. ಅದು ಆರು ಸಲ ಬರುತ್ತದೆ. ಮೂರನೆಯ ಸಲಕ್ಕೆ ಕಾಗದ ನೋಡುವುದೇ ಬೇಕಾಗುವುದಿಲ್ಲ.

ಯೆಹೆಜ್ಕೇಲ 37ರ ಒಣ ಎಲುಬುಗಳ ಕಣಿವೆಗೆ ಸದ್ದು ಬೇಕು. ಎಲುಬುಗಳು ಕೂಡಿಕೊಳ್ಳುವ ಸಾಲಿಗೆ ಜನ ಬೆರಳ ತುದಿಯಿಂದ ಬೆಂಚು ತಟ್ಟಲಿ. ಉಸಿರು ಬರುವ ಸಾಲಿಗೆ ಎಲ್ಲರೂ ನಿಲ್ಲಿಸಿ, ದೀರ್ಘವಾಗಿ ಉಸಿರು ಎಳೆದುಕೊಂಡು, ಎದ್ದು ನಿಲ್ಲಲಿ. ಏಳಲು ಆಗದವರು ಕೂತಲ್ಲೇ ತಲೆ ಎತ್ತಿದರೆ ಸಾಕು, ಇದನ್ನು ಮೊದಲೇ ಬಾಯಿಬಿಟ್ಟು ಹೇಳಿ.

ಯೋಹಾನ 20ಕ್ಕೆ ಮೂವರು ಓದುಗರು ಸಾಕು: ನಿರೂಪಕ, ಮರಿಯಳು, ಯೇಸು. ಹೆಸರು ಹಿಡಿದು ಕರೆಯುವ ಸಾಲಿನ ಮೊದಲು ಮನಸ್ಸಲ್ಲೇ ಐದು ಎಣಿಸುವಷ್ಟು ಮೌನ ಇರಲಿ. ಆ ಕರೆ ಮೈಕ್ ಇಲ್ಲದೆ ಹಿಂದಿನ ಬೆಂಚಿನಿಂದ ಬಂದರೆ ಇನ್ನೂ ಚೆನ್ನ. ಮರಿಯಳು ಹಿಂತಿರುಗಿ ನೋಡುವ ಹಾಗೆ ಜನರೂ ಹಿಂತಿರುಗುತ್ತಾರೆ.

ತಪ್ಪುಗಳು: ಹಿಂದಿನ ರಾತ್ರಿ ಓದುಗರನ್ನು ಆರಿಸುವುದು. ಪ್ರತಿ ಓದಿಗೂ ಒಂದು ಉಪಾಯ ಹಚ್ಚುವುದು. ಒಂದೆರಡಕ್ಕೆ ಮಾಡಿ, ಉಳಿದದ್ದನ್ನು ನೇರವಾಗಿ, ಸ್ಪಷ್ಟವಾಗಿ ಓದಿಸಿ.

## 5. ಶುಕ್ರವಾರದ ಶಿಲುಬೆಯೇ ಭಾನುವಾರದ ಹೂವಿನ ಶಿಲುಬೆ

ಹೂವಿನ ಶಿಲುಬೆಯನ್ನು ಮೊದಲೇ ಸಿಂಗರಿಸಿ ನಿಲ್ಲಿಸಿದರೆ ಅದು ಅಲಂಕಾರ. ಜನರೇ ಹೂ ಸಿಕ್ಕಿಸಿದರೆ ಅದು ಆರಾಧನೆ. ಶುಭ ಶುಕ್ರವಾರ ಬಳಸಿದ ಅದೇ ಬೋಳು ಶಿಲುಬೆ ಆದರಂತೂ ಬೇರೆ ವಿವರಣೆಯೇ ಬೇಡ.

ಒರಟು ಮರದ ಶಿಲುಬೆಗೆ ಕೋಳಿಗೂಡಿಗೆ ಹಾಕುವ ಜಾಲರಿಯನ್ನು ಎರಡು ಸುತ್ತು ಸುತ್ತಿ, ಹಿಂಬದಿಯಲ್ಲಿ ಮೊಳೆ ಹೊಡೆಯಿರಿ. ಒಂದೇ ಸುತ್ತಾದರೆ ಹೂವಿನ ತೊಟ್ಟು ನಿಲ್ಲುವುದಿಲ್ಲ. ಕತ್ತರಿಸಿದ ತಂತಿಯ ತುದಿಗಳನ್ನು ಒಳಕ್ಕೆ ಮಡಚಿ, ಕೈ ಆಡಿಸಿ ನೋಡಿ. ಹೂವಿನ ಭಾರ ಮೇಲ್ಭಾಗಕ್ಕೆ ಬೀಳುವುದರಿಂದ ಬುಡಕ್ಕೆ ಕಲ್ಲು ಅಥವಾ ಮರಳಿನ ಚೀಲ ಇಡಲೇಬೇಕು. ಮಕ್ಕಳು ಹಿಡಿದು ಎಳೆದರೂ ವಾಲಬಾರದು.

ಹೂವಿನ ತೊಟ್ಟು ಕನಿಷ್ಠ ಬೆರಳುದ್ದ ಇರಲಿ. ಬರಿಗೈಯಲ್ಲಿ ಬಂದವರಿಗೆ ಬಾಗಿಲಲ್ಲೇ ಒಂದು ಬುಟ್ಟಿ ಹೂವು ಸಿದ್ಧವಿರಲಿ. ಇದು ಮರೆತರೆ ಮೊದಲ ಸಲ ಬಂದವರು ಮುಜುಗರದಿಂದ ಕೂತೇ ಇರುತ್ತಾರೆ.

ಸಮಯದ ಲೆಕ್ಕ ಹಾಕಿ. 200 ಜನ, ತಲಾ 5 ಸೆಕೆಂಡ್, ಎರಡು ಸಾಲು ಅಂದರೆ ಎಂಟು ನಿಮಿಷಕ್ಕೂ ಜಾಸ್ತಿ. ಅಷ್ಟಕ್ಕೆ ಸಾಲುವಷ್ಟು ಹಾಡು ಕ್ವಾಯರ್ ಬಳಿ ಇದೆಯಾ? ಜಾಲರಿಯ ಕೆಳಭಾಗವನ್ನು ಮಕ್ಕಳಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಮೀಸಲಿಡಿ.

ಕೆಲವು ಸಭೆಗಳಲ್ಲಿ ಶುಕ್ರವಾರ ತಮ್ಮ ಪಾಪ, ನೋವನ್ನು ಚೀಟಿಯಲ್ಲಿ ಬರೆದು ಶಿಲುಬೆಗೆ ಮೊಳೆ ಹೊಡೆಯುತ್ತಾರೆ. ಆ ಚೀಟಿಗಳನ್ನು ಯಾರೂ ಬಿಡಿಸಿ ಓದಬಾರದು. ಒಬ್ಬರಿಗೆ ಜವಾಬ್ದಾರಿ ಕೊಟ್ಟು, ಅಂದೇ ತೆಗೆಸಿ, ಲಕೋಟೆಯಲ್ಲಿ ಮುಚ್ಚಿಡಿ. ಶನಿವಾರ ರಾತ್ರಿಯ ಬೆಂಕಿಗೆ ಮೊದಲು ಬೀಳಬೇಕಾದದ್ದು ಅವೇ. ಶನಿವಾರ ಶುಚಿ ಮಾಡುವವರ ಕೈಗೆ ಅವು ಸಿಕ್ಕರೆ ಆಗುವ ನೋವನ್ನು ಯಾವ ಈಸ್ಟರ್ ಹಾಡೂ ವಾಸಿ ಮಾಡುವುದಿಲ್ಲ.

## 6. ನೀರು

ದೀಕ್ಷಾಸ್ನಾನದ (ಕಥೋಲಿಕರ ಮಾತಲ್ಲಿ ಜ್ಞಾನಸ್ನಾನ) ನೆನಪಿಗೆ ಅಗಲವಾದ ಬೋಗುಣಿಯಲ್ಲಿ ನೀರಿಡಿ. ಜನ ಬಂದು ಕೈ ಅದ್ದಲಿ. ನೀರು ಸುರಿಯುವ ಸದ್ದು ಎಲ್ಲರಿಗೂ ಕೇಳುವಂತೆ ಎತ್ತರದಿಂದ ಸುರಿಯಿರಿ. ಕೆಳಗೆ ಹೀರುವ ಬಟ್ಟೆ ಹಾಸಿ, ವೈರುಗಳನ್ನು ಆ ಜಾಗದಿಂದ ಪೂರ್ತಿ ದೂರ ಇಡಿ.

ಮುಳುಗಿಸಿ ದೀಕ್ಷಾಸ್ನಾನ ಕೊಡುವ ಸಭೆಗಳಿಗೆ ಒಂದು ಖಡಾಖಂಡಿತ ಮಾತು. ನೀರಲ್ಲಿ ನಿಂತವರು ವೈರ್ ಇರುವ ಮೈಕನ್ನು ಮುಟ್ಟಲೇಬಾರದು. ಕರೆಂಟ್ ಹೊಡೆದು ಜೀವ ಹೋಗಬಹುದು. ಮೈಕ್ ದಡದಲ್ಲಿ, ಒಣ ಜಾಗದಲ್ಲಿ, ಬೇರೆಯವರ ಕೈಯಲ್ಲಿರಲಿ.

## 7. ಹಾಡು, ಗಂಟೆ, ಹಲ್ಲೆಲೂಯಾ

ಈಸ್ಟರ್‌ಗೆ ಮೊದಲಿನ ಉಪವಾಸದ ವಾರಗಳಾದ ತಪಸ್ಸು ಕಾಲದ ಉದ್ದಕ್ಕೂ ಹಲ್ಲೆಲೂಯಾ ಹಾಡದೆ ಇಟ್ಟುಕೊಳ್ಳುವುದು ಹಲವು ಸಭೆಗಳ ರೂಢಿ. ನಿಮ್ಮಲ್ಲಿ ಇಲ್ಲದಿದ್ದರೆ ಈ ವರ್ಷ ಶುರುಮಾಡಿ. ಬಟ್ಟೆಯ ಬ್ಯಾನರ್ ಮೇಲೆ ಮಕ್ಕಳು ಆ ಪದ ಬರೆದು, ಬಣ್ಣ ಹಚ್ಚಿ, ಪೆಟ್ಟಿಗೆಯಲ್ಲಿ ಮುಚ್ಚಿಡಲಿ. ಈಸ್ಟರ್‌ನಲ್ಲಿ ಸುವಾರ್ತೆಗೆ ಮೊದಲು ಅವರೇ ಅದನ್ನು ಹೊತ್ತು ತರಲಿ. ಪೆಟ್ಟಿಗೆ ಎಲ್ಲಿದೆ ಎಂದು ಒಬ್ಬರಿಗಾದರೂ ಗೊತ್ತಿರಲಿ.

ಹೊಸ ಹಾಡು ಒಂದೇ ಇರಲಿ. ಅದನ್ನೂ ಎರಡು ಭಾನುವಾರ ಮೊದಲೇ ಆರಾಧನೆ ಶುರುವಾಗುವ ಮುಂಚೆ ಕಲಿಸಿ. ಕ್ರಿಸ್ತನು ಎದ್ದಿದ್ದಾನೆ, ನಿಜವಾಗಿಯೂ ಎದ್ದಿದ್ದಾನೆ ಎಂಬ ಕೂಗು ಮತ್ತು ಮರುಕೂಗನ್ನು ಆರಾಧನೆಯಲ್ಲಿ ಮೂರು ಕಡೆ ಬಿತ್ತಿ. ಮನೆಯಿಂದ ಸಣ್ಣ ಗಂಟೆ ತರಲು ಎಲ್ಲರಿಗೂ ಹೇಳಿ. ಯಾವ ಹಾಡಿಗೆ ಬಾರಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ಸನ್ನೆ ಒಂದೇ ಇರಲಿ, ಅದನ್ನು ಕೊಡುವವರೂ ಒಬ್ಬರೇ ಇರಲಿ.

## 8. ಸೂರ್ಯೋದಯದ ಆರಾಧನೆ ಇಟ್ಟುಕೊಂಡರೆ

ಸೂರ್ಯ ಹುಟ್ಟುವ 30 ನಿಮಿಷ ಮೊದಲು ಶುರುಮಾಡಿ, ಸುವಾರ್ತೆ ಓದು ಬೆಳಕು ಒಡೆಯುವ ಹೊತ್ತಿಗೆ ಬರುವಂತೆ ಹೊಂದಿಸಿ. ಜನ ಪೂರ್ವಕ್ಕೆ ಮುಖ ಮಾಡಲಿ. ಆಗ ಮುಂದೆ ನಿಂತು ಮಾತಾಡುವವರ ಮುಖ ಅವರಿಗೆ ಕಾಣುವುದಿಲ್ಲ. ಹಾಗಾಗಿ ಬೋಧಕರು ಬದಿಯಲ್ಲಿ ನಿಲ್ಲುವುದು ಒಳ್ಳೆಯದು. ಹಾಡಿನ ಹಾಳೆ ದಪ್ಪಕ್ಷರದಲ್ಲಿರಲಿ, ಕುರ್ಚಿ ಒರೆಸಲು ಬಟ್ಟೆ ಇರಲಿ. ಮಳೆ ಬಂದರೆ ಎಲ್ಲಿಗೆ ಹೋಗುವುದು ಎಂಬುದು ಹಿಂದಿನ ದಿನವೇ ತೀರ್ಮಾನ ಆಗಿರಬೇಕು. ಸ್ಮಶಾನದಲ್ಲಿ ನಡೆಸುವುದಾದರೆ ಜನ ಸಮಾಧಿಗಳ ಮೇಲೆ ನಿಲ್ಲದಂತೆ ದಾರಿಗೆ ಹಗ್ಗ ಕಟ್ಟಿ.

## 9. ದುಃಖದಲ್ಲಿರುವವರಿಗೆ ಜಾಗ

ಈ ವರ್ಷ ಮನೆಯವರನ್ನು ಕಳೆದುಕೊಂಡವರು ಅದೇ ಬೆಂಚುಗಳಲ್ಲಿ ಕೂತಿರುತ್ತಾರೆ. ಮೊದಲ ನಿಮಿಷದಿಂದಲೇ ಚಪ್ಪಾಳೆ, ಡ್ರಮ್ಸ್ ಶುರುವಾದರೆ ಅವರು ಒಳಗೊಳಗೇ ಹೊರಗುಳಿಯುತ್ತಾರೆ. ಈ ಹಬ್ಬ ಅವರಿಗೇ ಎಲ್ಲರಿಗಿಂತ ಮೊದಲು ಸೇರಬೇಕಾದದ್ದು ಅಲ್ವಾ? ತೀರಿಕೊಂಡವರ ಹೆಸರುಗಳನ್ನು ಈಸ್ಟರ್ ಬತ್ತಿಯ ಮುಂದೆ ಓದಿ, ಆದರೆ ಮನೆಯವರನ್ನು ಮೊದಲೇ ಕೇಳಿ. ಕೆಲವರಿಗೆ ಬೇಡ ಅನ್ನಿಸಬಹುದು, ಅದನ್ನು ಗೌರವಿಸಿ. ಹೆಸರು ಬಿಟ್ಟುಹೋಗದಂತೆ ಇಬ್ಬರು ಪಟ್ಟಿ ನೋಡಲಿ.

ಉಬ್ಬಸ ಇರುವವರಿಗೆ ಧೂಪ, ಹೊಗೆ ಕಷ್ಟ. ಬಾಗಿಲ ಬಳಿ ಗಾಳಿಯಾಡುವ ಒಂದು ಸಾಲು ಬಿಡಿ. ಕತ್ತಲೆಗೆ ಹೆದರುವ ಮಕ್ಕಳ ತಾಯಂದಿರಿಗೆ ಏನೇನು ಆಗುತ್ತದೆ ಎಂದು ಮುಂಚೆಯೇ ತಿಳಿಸಿ.

## 10. ರಿಹರ್ಸಲ್ ಮತ್ತು ಎಚ್ಚರಿಕೆಯ ಗುರುತುಗಳು

ಕನಿಷ್ಠ ಎರಡು ರಿಹರ್ಸಲ್ ಬೇಕು. ಒಂದು ಹಗಲಲ್ಲಿ, ನಿಲ್ಲುವ ಜಾಗ ಮತ್ತು ದಾರಿಗೆ. ಇನ್ನೊಂದು ಕತ್ತಲಲ್ಲಿ, ನಿಜವಾದ ಬತ್ತಿ ಹಚ್ಚಿ. ಎರಡನೆಯದನ್ನು ಬಿಟ್ಟರೆ ಆ ರಾತ್ರಿ ಓದುಗರಿಗೆ ಅಕ್ಷರ ಕಾಣುವುದಿಲ್ಲ.

ರಿಹರ್ಸಲ್‌ನಲ್ಲಿ ಇವು ಕಂಡರೆ ಕಡಿಮೆ ಮಾಡಿ. ಪ್ರತಿ ಕೆಲಸಕ್ಕೂ ಮೊದಲು ಯಾರಾದರೂ ಮೈಕ್ ಹಿಡಿದು ಅರ್ಥ ವಿವರಿಸಬೇಕಾಗುತ್ತಿದೆ. ಅದೇ ನಾಲ್ಕು ಜನ ಎಲ್ಲ ಕೆಲಸಕ್ಕೂ ಓಡುತ್ತಿದ್ದಾರೆ. ಸಭೆ ಸತತ 10 ನಿಮಿಷ ಬಾಯಿ ತೆರೆಯದೆ ನೋಡುತ್ತಾ ಕೂತಿದೆ. ಜವಾಬ್ದಾರಿ ಹೊತ್ತವರಿಗೆ ಪ್ರಾರ್ಥನೆ ಮಾಡಲು ಒಂದು ಗಳಿಗೆಯೂ ಸಿಗುತ್ತಿಲ್ಲ. ಕೊನೆಯದು ಎಲ್ಲಕ್ಕಿಂತ ಗಂಭೀರ. ಆಗ ಒಂದು ಇಡೀ ಭಾಗವನ್ನೇ ತೆಗೆದುಹಾಕಿ, ಸಣ್ಣ ಸಣ್ಣ ಕತ್ತರಿ ಆಡಿಸಿದರೆ ಪ್ರಯೋಜನ ಇಲ್ಲ.

## 11. ಭಾನುವಾರದ ನಂತರ

ಈಸ್ಟರ್ ಕಾಲ ಪಂಚಾಶತ್ತಮದ ಹಬ್ಬದವರೆಗೆ (ಪೆಂಟೆಕೋಸ್ಟ್) 50 ದಿನ. ತೆಗೆದುಹಾಕಿದ ಭಾಗಗಳಿಗೆ ಇಲ್ಲಿ ಬೇಕಾದಷ್ಟು ಜಾಗ ಇದೆ. ಮುಂದಿನ ಭಾನುವಾರ, ಕಣ್ಣಾರೆ ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನ ಕಥೆ ಬರುತ್ತದೆ. ಅಂದು ಜನ ತಮ್ಮ ಸಂಶಯ, ಪ್ರಶ್ನೆಗಳನ್ನು ಹೆಸರಿಲ್ಲದೆ ಬರೆದು ಕೊಡಲಿ, ಪಾಸ್ಟರ್ ಕೆಲವಕ್ಕೆ ಉತ್ತರಿಸಲಿ. ಇನ್ನೊಂದು ಭಾನುವಾರ ಯೋಹಾನ 21ನ್ನು ಹೊರಗೆ, ಇದ್ದಿಲ ಬೆಂಕಿಯ ಸುತ್ತ ಕೂತು ಓದಿ, ಒಟ್ಟಿಗೆ ಬೆಳಗಿನ ಊಟ ಮಾಡಿ. ಪೇತ್ರನು ಯೇಸುವನ್ನು ಅರಿಯೆನೆಂದದ್ದು ಇದ್ದಿಲ ಬೆಂಕಿಯ ಬಳಿ (ಯೋಹಾನ 18:18). ಮೂರು ಸಲ ಪ್ರೀತಿಸುತ್ತೀಯಾ ಎಂದು ಕೇಳಿಸಿಕೊಂಡ ಬೆಳಿಗ್ಗೆ ದಡದಲ್ಲಿದ್ದದ್ದೂ ಇದ್ದಿಲ ಬೆಂಕಿಯೇ (ಯೋಹಾನ 21:9). ಎರಡನ್ನೂ ಒಟ್ಟಿಗೆ ಓದಿಸಿ.

ಹಬ್ಬ ಮುಗಿದ ವಾರದೊಳಗೆ ತಂಡದವರು ಒಮ್ಮೆ ಸೇರಿ. ಎಷ್ಟು ಬತ್ತಿ ಖರ್ಚಾಯಿತು, ಯಾವ ಭಾಗಕ್ಕೆ ಎಷ್ಟು ನಿಮಿಷ ಹಿಡಿಯಿತು, ಯಾವ ಸ್ವಿಚ್ ಯಾವ ದೀಪಕ್ಕೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಶಿಲುಬೆಯ ಜಾಲರಿಯಿಂದ ಹೂವುಗಳನ್ನು ಕೊಳೆಯುವ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ತಂತಿ ತುಕ್ಕು ಹಿಡಿದು ಮುಂದಿನ ವರ್ಷ ಮತ್ತೆ ಹೊಸದಾಗಿ ಸುತ್ತಬೇಕಾಗುತ್ತದೆ.